ನಡುನೀರಲ್ಲಿ ಎಲ್ಲಿ ಇಳಿಸಲಿ ಅಂದೆಯಲ್ಲ

ಕುವೆಂಪುನಗರ, ಮೈಸೂರು

ಚಿ. ಸೌ. ಶುಭಾಳಿಗೆ ಮಾವನ ಆಶೀರ್ವಾದ.

ಅಮ್ಮನನ್ನು ಕ್ರೂಸಿಗೆ, ಅಂದರೆ ಹಡಗಿನ ಪ್ರವಾಸಕ್ಕೆ, ಕರೆದುಕೊಂಡು ಹೋಗೋದರ ಬಗ್ಗೆ ನೀನು ಬರೆದ ಕಾಗದದಲ್ಲಿ ಮಿಕ್ಕಿದ್ದೆಲ್ಲ ಸರಿ. ಕೊನೆಯಲ್ಲಿ ಬರೆದ ಎರಡು ಸಾಲು ಮಾತ್ರ ಮೂರು ದಿನದಿಂದ ನನ್ನ ತಲೆಯಲ್ಲಿ ಕೂತುಬಿಟ್ಟಿವೆ. "ಊಟಿ ಬಸ್ಸಲ್ಲೇ ಅಮ್ಮನಿಗೆ ಆಗಲ್ಲ, ವಾಂತಿ. ಬಸ್ಸಾದ್ರೆ ನಿಲ್ಲಿಸಿ ಇಳಿಸಬಹುದು, ನಡುನೀರಲ್ಲಿ ಶುರುವಾದರೆ ಎಲ್ಲಿ ಇಳಿಸಲಿ ಮಾವ?"

ಇಳಿಸೋಕಾಗಲ್ಲ. ಅದಕ್ಕೇ ಯಾವ ಸಮುದ್ರ, ಯಾವ ತಿಂಗಳು ಅನ್ನೋದನ್ನು ಹತ್ತುವ ಮುಂಚೆ ನೋಡಬೇಕು. ನೀನು ನಾಲ್ಕೈದು ಕಡೆಯ ಹೆಸರು ಬರೆದಿದ್ದೀಯ, ಪ್ರತಿಯೊಂದರ ಮುಂದೆ ದುಡ್ಡು ಬರೆದಿದ್ದೀಯ. ನೀರು ಹೇಗಿರುತ್ತೆ ಅಂತ ಯಾವುದರ ಮುಂದೆಯೂ ಇಲ್ಲ.

ನಮ್ಮೂರ ಕೆರೇಲಿ ಆಷಾಢದ ಗಾಳಿ ಎಷ್ಟೇ ಬೀಸಲಿ, ಅಲೆ ಗೇಣುದ್ದ ಏಳೋದಿಲ್ಲ. ಅದೇ ಗಾಳಿ ಕನ್ನಂಬಾಡಿ ಹಿನ್ನೀರಿನ ಮೇಲೆ ಬೀಸಿದರೆ ತೆಪ್ಪದವರು ದಡಕ್ಕೆ ಬರ್ತಾರೆ. ಗಾಳಿ ನೀರಿನ ಮೇಲೆ ತಡೆಯಿಲ್ಲದೆ ಎಷ್ಟು ದೂರ ಓಡುತ್ತೋ ಅಷ್ಟು ಅಲೆ ಬೆಳೆಯುತ್ತೆ, ಉದ್ದವೂ ಆಗುತ್ತೆ. ನಿನ್ನ ಅಮ್ಮನ ವಿಷಯದಲ್ಲಿ ಎತ್ತರಕ್ಕಿಂತ ಆ ಉದ್ದವೇ ಮುಖ್ಯ. 6 ಸೆಕೆಂಡಿಗೊಂದು ಬರುವ ಅಲೆ ತಲೆಯಿಂದ ತಲೆಗೆ ಸುಮಾರು 55 ಮೀಟರ್ ಇರುತ್ತೆ. 300 ಮೀಟರ್ ಹಡಗು ಅಂಥ ಐದು ಅಲೆಗಳ ಮೇಲೆ ಒಟ್ಟಿಗೆ ಕೂತಿರುತ್ತೆ, ಅದಕ್ಕೆ ಅಲುಗಾಟವೇ ಗೊತ್ತಾಗಲ್ಲ. 12 ಸೆಕೆಂಡಿನ ಅಲೆ ಬಂದರೆ ಉದ್ದ 225 ಮೀಟರ್. ಆಗ ಮುಂದಿನ ತುದಿ ಏಳುತ್ತೆ, ಹಿಂದಿನದು ಇಳಿಯುತ್ತೆ. ದೂರದ ಬಿರುಗಾಳಿ ಎಬ್ಬಿಸಿ ಸಾವಿರ ಮೈಲಿ ಆಚೆಯಿಂದ ಕಳಿಸುವ ಇಂಥ ಉದ್ದ ಅಲೆಗೆ ಸ್ವೆಲ್ ಅಂತೀವಿ. ಆಕಾಶ ತಿಳಿಯಾಗಿರುತ್ತೆ, ಗಾಳಿ ಇರಲ್ಲ, ಆದರೂ ಹಡಗು ಉಸಿರಾಡುತ್ತಿರುತ್ತೆ. ಆ ಉಯ್ಯಾಲೆಗೆ ಎದುರಾಗಿ ಹಡಗು ಓಡಿದಾಗ ಏರಿಳಿತ ಬೇಗಬೇಗ ಆಗುತ್ತೆ. ಐದಾರು ಸೆಕೆಂಡಿಗೊಮ್ಮೆ ಮೇಲೆ-ಕೆಳಗೆ ಆಗೋದು ಹೊಟ್ಟೆಗೆ ಎಲ್ಲಕ್ಕಿಂತ ಕೆಟ್ಟದ್ದು.

ಇಷ್ಟು ಬಿಡಿಸಿ ಬರೆದದ್ದು ಯಾಕೆ ಅಂದರೆ, ನಿನ್ನತ್ತೆ ನಾನು ಕೆಲಸ ಮಾಡುತ್ತಿದ್ದ ಹಡಗನ್ನು ಒಂದೇ ಸಲ ಹತ್ತಿದ್ದು ನಿನಗೆ ಗೊತ್ತು. ಅದು ಜುಲೈ ತಿಂಗಳು ಅನ್ನೋದು ಗೊತ್ತಿರಲಿಕ್ಕಿಲ್ಲ. ಅರಬ್ಬೀ ಸಮುದ್ರ ನೈಋತ್ಯ ಮಾರುತದಲ್ಲಿ ಕುದಿಯುವ ತಿಂಗಳು ಅಂತ ಗೊತ್ತಿದ್ದವನು ನಾನು. ನನ್ನ ಅನುಕೂಲ ನೋಡಿ ಕರೆದುಕೊಂಡು ಹೋದೆ, "ಅಭ್ಯಾಸ ಆಗುತ್ತೆ" ಅಂದೆ. ಆಮೇಲೆ ಅವಳು ಸಮುದ್ರದ ಮಾತೇ ಎತ್ತಲಿಲ್ಲ. ಜನವರಿಯಲ್ಲಿ ಅದೇ ನೀರು ಹೊಳೆಯ ಹಾಗೆ ಇರುತ್ತೆ ಅಂತ ತೋರಿಸಬಹುದಿತ್ತು. ತೋರಿಸಲಿಲ್ಲ.

ನಿಮಗೆ ರಜೆ ಸಿಗೋದು ಸಂಕ್ರಾಂತಿ ಹೊತ್ತಿಗೆ ಅಂದೆಯಲ್ಲ. ಹಾಗಾದರೆ ಮೆಡಿಟರೇನಿಯನ್ ಬಿಟ್ಟುಬಿಡು. ಆಗ ಅಲ್ಲಿ ನೀರು 15 ಡಿಗ್ರಿ ಆಸುಪಾಸು, ಫ್ರಾನ್ಸ್ ದಕ್ಷಿಣಕ್ಕೆ ಮಿಸ್ಟ್ರಾಲ್ ಅನ್ನೋ ಜೋರು ಶೀತಗಾಳಿ. ಬೇಸಿಗೆಯಲ್ಲಿ ಚೆಂದವೇ, ಆದರೂ ಗ್ರೀಸ್ ಕಡೆ ಜುಲೈ-ಆಗಸ್ಟ್‌ನಲ್ಲಿ ಮೆಲ್ಟೆಮಿ ಅಂತ ಬಡಗಣ ಗಾಳಿ ದಿನಗಟ್ಟಲೆ ಬೀಸುತ್ತೆ.

ಕೆರಿಬಿಯನ್ನಿಗೆ ಹ್ಯೂಸ್ಟನ್ ಅಕ್ಕ ಕರೆಯುತ್ತಿದ್ದಾಳೆ ಅಂತ ಬರೆದೆ. ಅಲ್ಲಿ ಚಂಡಮಾರುತದ ಕಾಲ ಜೂನ್ 1ರಿಂದ ನವೆಂಬರ್ 30ರವರೆಗೆ, ಜನವರಿಗೆ ಆ ಭಯ ಇಲ್ಲ. ಹೆದರಿಕೆ ಬೇರೆ ಕಡೆ ಇದೆ. ಹ್ಯೂಸ್ಟನ್ ಹತ್ತಿರದ ಬಂದರು ಗ್ಯಾಲ್ವೆಸ್ಟನ್ನಿಂದ ಹೊರಟರೆ ಮೊದಲ ದಿನವೆಲ್ಲ ಮೆಕ್ಸಿಕೋ ಕೊಲ್ಲಿಯ ನಡುವೆ. ಚಳಿಗಾಲದಲ್ಲಿ ಉತ್ತರದ ಶೀತಗಾಳಿ ಇದ್ದಕ್ಕಿದ್ದಂತೆ ಆ ಕೊಲ್ಲಿಗೆ ಇಳಿಯುತ್ತೆ, ಕೆಲವೇ ಗಂಟೆಯಲ್ಲಿ ನೀರು ಎದ್ದುಬಿಡುತ್ತೆ. ಕೊಲಂಬಿಯಾ ತೀರದ ಎದುರಿಗಂತೂ ಈ ತಿಂಗಳುಗಳಲ್ಲಿ ವಾಣಿಜ್ಯ ಮಾರುತ ಬಲವಾಗಿಯೇ ಇರುತ್ತೆ. ಹೋಗಲೇಬೇಕಾದರೆ ಫ್ಲೋರಿಡಾದಿಂದ ಹೊರಡುವ, ನಡುನೀರಿನ ದಿನ ಕಡಿಮೆ ಇರುವ ಹಡಗು ನೋಡು. ಹಡಗು ಹೊರದೇಶ ಮುಟ್ಟಿ ಮತ್ತೆ ಅಮೆರಿಕಕ್ಕೆ ಬರುತ್ತೆ, ವೀಸಾ ಒಂದಕ್ಕಿಂತ ಹೆಚ್ಚು ಸಲ ಒಳಬರಲು ಬಿಡುವಂಥದ್ದೇ ಇರಬೇಕು. ಸಿಂಗಪುರಕ್ಕೂ ಇದೇ ಮಾತು.

ನನ್ನ ಮನಸ್ಸು ಸಿಂಗಪುರದ ಕಡೆಗೇ ಇದೆ. ಅದರಲ್ಲೂ ಪಡುವಣ ದಾರಿ: ಮಲೇಷ್ಯಾದ ಪೋರ್ಟ್ ಕ್ಲಾಂಗ್, ಪೆನಾಂಗ್, ಲಂಗ್ಕಾವಿ, ಥಾಯ್ಲೆಂಡಿನ ಫುಕೆಟ್. ಮಲಕ್ಕಾ ಜಲಸಂಧಿಗೆ ಒಂದು ಕಡೆ ಸುಮಾತ್ರಾ, ಇನ್ನೊಂದು ಕಡೆ ಮಲಯಾ ಗೋಡೆ ಕಟ್ಟಿದ ಹಾಗೆ ನಿಂತಿವೆ. ಹಿಂದೂ ಮಹಾಸಾಗರದ ಸ್ವೆಲ್ ಒಳಗೆ ಬರೋದು ತೀರಾ ಕಡಿಮೆ, ಈಶಾನ್ಯ ಮಾರುತಕ್ಕೂ ನೆಲ ಅಡ್ಡ. ಅದೇ ಸಿಂಗಪುರ, ಅದೇ ಜನವರಿ, ಆದರೆ ಹಡಗು ಮೂಡಲಿಗೆ ತಿರುಗಿ ವಿಯೆಟ್ನಾಂ ಕಡೆ ಹೊರಟರೆ ದಕ್ಷಿಣ ಚೀನಾ ಸಮುದ್ರದ ಅಲೆ ಎದುರಿಗೇ ಬರುತ್ತೆ, 3 ಮೀಟರ್ ದಾಟೋದು ಅಲ್ಲಿ ಅಪರೂಪವಲ್ಲ. ಏಜೆಂಟ್ ಎರಡನ್ನೂ "ಸಿಂಗಪುರ ಕ್ರೂಸ್" ಅಂತಲೇ ಮಾರುತ್ತಾನೆ. ಬಂದರುಗಳ ಹೆಸರು ಓದದೆ ಮುಂಗಡ ಕೊಡಬೇಡ. ಮಕ್ಕಳ ಬೇಸಿಗೆ ರಜೆಗೆ ಮುಂದೂಡಿದರೆ ಮೇ ಹೊತ್ತಿಗೆ ಫುಕೆಟ್ ಕಡೆ ಮಳೆಗಾಲ ಶುರು, ಆಗ ನಾನು ಇದೇ ಮಾತು ಹೇಳಲ್ಲ.

ದುಬೈ, ದೋಹಾ ಕಡೆಯ ಕೊಲ್ಲಿಯೂ ಅಮ್ಮನಿಗೆ ಆಗುತ್ತೆ. ಸರಾಸರಿ 35 ಮೀಟರ್ ಮಾತ್ರ ಆಳದ ನೀರು, ಶಮಾಲ್ ಅನ್ನೋ ವಾಯವ್ಯದ ಗಾಳಿ ಬಂದರೂ ಏಳೋದು ಗಿಡ್ಡ ಅಲೆ. ಸಂಜೆ ಶಾಲು ಬೇಕಾಗುತ್ತೆ, ಅಷ್ಟೆ. ಮುಂಬೈನಿಂದ ಲಕ್ಷದ್ವೀಪದ ದಾರಿಯೂ ಜನವರಿಯಲ್ಲಿ ಶಾಂತ. ಆದರೆ ಹವಳದ ದಿಬ್ಬ ಇರೋದರಿಂದ ದೊಡ್ಡ ಹಡಗು ಹೊರಗೇ ನಿಲ್ಲುತ್ತೆ, ಸಣ್ಣ ದೋಣಿಗೆ ಕಾಲಿಟ್ಟು ಇಳೀಬೇಕು. ದೋಣಿ ಮೇಲೇರಿ ಒಂದು ಕ್ಷಣ ನಿಂತಾಗ ಕಾಲಿಡಬೇಕು, ಹೊತ್ತು ತಪ್ಪಿದರೆ ಮಂಡಿ ಹೋಗುತ್ತೆ. ಅವಳ ಮಂಡಿ ನೆನೆಸಿಕೊಂಡು ಬೇಡ ಅಂತೀನಿ. ಫುಕೆಟ್‌ನಲ್ಲೂ ಎಷ್ಟೋ ಹಡಗು ಹೀಗೇ ದೋಣಿಯಲ್ಲಿ ಇಳಿಸುತ್ತವೆ. ಅವತ್ತು ಅವಳು ಹಡಗಲ್ಲೇ ಇರಲಿ, ಜೊತೆಗೊಬ್ಬರು ಉಳೀರಿ.

ಕ್ಯಾಬಿನ್ ನಡುಭಾಗದಲ್ಲಿ, ಕೆಳಗಿನ ಅಂತಸ್ತಿನಲ್ಲಿ ತಗೋ. ತೊಟ್ಟಿಲಿನ ಹಾಗೆ, ತುದಿ ತೂಗಿದಷ್ಟು ನಡು ತೂಗಲ್ಲ. ಸ್ಟೆಬಿಲೈಸರ್ ರೆಕ್ಕೆ ಇದೆ ಅಂತ ಏಜೆಂಟ್ ಹೇಳ್ತಾನೆ, ನಿಜ. ಅದು ಪಕ್ಕಕ್ಕೆ ವಾಲೋದನ್ನು ತಗ್ಗಿಸುತ್ತೆ, ಮುಂದೆ-ಹಿಂದೆ ಏಳುಬೀಳೋದನ್ನಲ್ಲ. ಮೇಲಿನ ಬಾಲ್ಕನಿ ಕೋಣೆಗೆ ಹೆಚ್ಚು ದುಡ್ಡು ಕೊಟ್ಟು ಹೆಚ್ಚು ಅಲುಗಾಟ ಕೊಳ್ಳಬೇಡ. ಕಿಟಕಿ ಮಾತ್ರ ಇರಲಿ, ದಿಗಂತ ಕಾಣಬೇಕು. ಒಳಕಿವಿ ಅಲ್ಲಾಡುತ್ತಿದೆ ಅನ್ನುತ್ತೆ, ಕಣ್ಣಿಗೆ ಗೋಡೆ ನಿಂತೇ ಕಾಣುತ್ತೆ, ಆ ಜಗಳವೇ ವಾಂತಿ. ದಿಗಂತ ನೋಡುತ್ತಿದ್ದರೆ ಎರಡೂ ರಾಜಿ ಆಗುತ್ತವೆ.

ಅಲೆಯ ಮುನ್ಸೂಚನೆ ನೋಡುವಾಗ ಒಂದು ತಿಳಿದಿರು. 2 ಮೀಟರ್ ಅಂತ ಕೊಟ್ಟಿದ್ದರೆ ಅದು ದೊಡ್ಡ ಮೂರನೇ ಒಂದು ಪಾಲು ಅಲೆಗಳ ಸರಾಸರಿ. ನಡುವೆ ಒಂದೊಂದು ಅದರ ಎರಡರಷ್ಟು ಬರಬಹುದು. ಬಂದರೆ ಗಾಬರಿ ಬೇಡ.

ಮಾತ್ರೆ ವಿಷಯ ನಾನು ಹೇಳೋದಲ್ಲ, ಆದರೂ ಹೇಳ್ತೀನಿ. ಅವೋಮಿನ್ ಥರದ್ದು ವಾಂತಿ ಶುರುವಾದ ಮೇಲೆ ನುಂಗಿದರೆ ಹೊಟ್ಟೆಯಲ್ಲಿ ನಿಲ್ಲಲ್ಲ, ಮುಂಚೆಯೇ ಬೇಕು. ವಯಸ್ಸಾದವರಿಗೆ ಅದರಿಂದ ಮಂಪರು, ರಾತ್ರಿ ಬಚ್ಚಲಿಗೆ ಎದ್ದು ಬೀಳೋದು ಉಂಟು. ಅವಳ ಬಿಪಿ ನೋಡುವ ಡಾಕ್ಟರನ್ನೇ ಕೇಳಿ ಪ್ರಮಾಣ ಬರೆಸಿಕೋ. ಹಸಿದ ಹೊಟ್ಟೆ ಬೇಡ, ಒಣ ಬಿಸ್ಕತ್ತು, ಶುಂಠಿ ಇರಲಿ. ದಿನದ ಮಾತ್ರೆಗಳೆಲ್ಲ ಕೈಚೀಲದಲ್ಲೇ ಇರಲಿ, ದೊಡ್ಡ ಪೆಟ್ಟಿಗೆ ಕೋಣೆಗೆ ಬರೋದು ಸಂಜೆಯೂ ಆಗಬಹುದು. ಹಡಗಲ್ಲಿ ಡಾಕ್ಟರ್ ಇರ್ತಾರೆ, ಬಿಲ್ ದೊಡ್ಡದು. ವಿಮೆಯಲ್ಲಿ ಅವಳ ಬಿಪಿ, ಸಕ್ಕರೆ ಮುಚ್ಚಿಡದೆ ಬರೆಸು.

ಮೊದಲ ಸಲಕ್ಕೆ ನಾಲ್ಕು ರಾತ್ರಿ ಸಾಕು ಮಗಳೇ. ಪೂರ್ತಿ ನೀರಲ್ಲೇ ಕಳೆಯುವ ದಿನ ಒಂದಕ್ಕಿಂತ ಹೆಚ್ಚು ಬೇಡ. ಅಕಸ್ಮಾತ್ ಆಗಲೇ ಇಲ್ಲ ಅಂದರೆ ಪೆನಾಂಗ್‌ನಲ್ಲಿ ಹಡಗು ಕಟ್ಟೆಗೇ ಬಂದು ನಿಲ್ಲುತ್ತೆ, ವಿಮಾನ ನಿಲ್ದಾಣ ಅದೇ ದ್ವೀಪದಲ್ಲಿದೆ. ಎಲ್ಲಿ ಇಳಿಸಲಿ ಅಂದೆಯಲ್ಲ, ಅಲ್ಲಿ. ಅದಕ್ಕೇ ಅವಳ ಪಾಸ್‌ಪೋರ್ಟ್, ಮಲೇಷ್ಯಾ ಪ್ರವೇಶಕ್ಕೆ ಆ ಹೊತ್ತಿಗೆ ಏನು ಕೇಳುತ್ತಾರೋ ಆ ಕಾಗದ ಎಲ್ಲ ಸರಿಯಿರಲಿ.

ಹಡಗಿನ ಹೆಸರು, ಪ್ರತಿ ಬಂದರು ಬಿಡುವ ಗಂಟೆ, ಕೋಣೆಯ ನಂಬರು ಇಷ್ಟು ಬರೆದು ಕಳಿಸು. ದುಡ್ಡು ಕಟ್ಟುವ ಮುಂಚೆಯೇ ಕಳಿಸು.

ನಿನ್ನ ಮಾವ