ನಮ್ಮ ಮಂಗಳವಾರದ ಡ್ಯಾನ್ಸ್ ಗುಂಪು

ಎಡಿನ್‌ಬರೋ

ಪ್ರೀತಿಯ ಅಮ್ಮಾ,

ಮಂಗಳವಾರ ರಾತ್ರಿ ಆದರೆ ಸಾಕು, ಎಲ್ಲಿಗೆ ಹೋಗ್ತೀಯೆ ಅಂತ ಕೇಳಿದೆಯಲ್ಲ. ಫೋನಿನಲ್ಲಿ ಅರ್ಧ ಹೇಳಿದೆ, ಉಳಿದದ್ದು ಇಲ್ಲಿ ಬರೆಯುತ್ತೇನೆ.

ಮನೆ ಹತ್ತಿರದ ಚರ್ಚ್ ಹಾಲಿನಲ್ಲಿ ಸ್ಕಾಟಿಷ್ ಕಂಟ್ರಿ ಡ್ಯಾನ್ಸ್ ಕ್ಲಾಸ್ ನಡೆಯುತ್ತದೆ. ಸ್ಟೇಜ್ ಇಲ್ಲ, ನೋಡುವವರೂ ಇಲ್ಲ. ನಾಲ್ಕು ಜೋಡಿ ಎದುರುಬದುರು ಸಾಲಾಗಿ ನಿಂತರೆ ಒಂದು ಸೆಟ್. ಕೈ ಹಿಡಿದು ಸುತ್ತುವುದು, ಜಾಗ ಬದಲಿಸುವುದು, ಮೂವರು ಎಂಟರ ಆಕಾರದಲ್ಲಿ ಒಬ್ಬರನ್ನೊಬ್ಬರು ದಾಟಿ ಹೋಗುವುದು, ಎಲ್ಲಾ ಅಷ್ಟರೊಳಗೇ. ನಮ್ಮ ಕೋಲಾಟದ ಹಾಗೆ, ಒಬ್ಬರು ತಪ್ಪಿದರೆ ಇಡೀ ಸುತ್ತು ಕೆಡುತ್ತದೆ.

ಇಂಥ ಗುಂಪಿಗೆ 2020ರ ಮಾರ್ಚ್‌ನ ಲಾಕ್‌ಡೌನ್ ಎಂಥ ಪೆಟ್ಟು ಯೋಚಿಸು. ಕೈ ಹಿಡಿಯಬಾರದು ಅಂದಮೇಲೆ ಡ್ಯಾನ್ಸಿನಲ್ಲಿ ಉಳಿಯುವುದೇನು? ನಾನು ಸೇರಿದ್ದು 2022ರಲ್ಲಿ, ಹಿಂದಿನದೆಲ್ಲ ಹಳಬರು ಹೇಳಿದ್ದು. ಇಲ್ಲೇ ಕಚೇರಿ ಇರುವ ರಾಯಲ್ ಸ್ಕಾಟಿಷ್ ಕಂಟ್ರಿ ಡ್ಯಾನ್ಸ್ ಸೊಸೈಟಿ ಆನ್‌ಲೈನ್ ಕ್ಲಾಸ್ ನಡೆಸಿತಂತೆ, ಇವರೆಲ್ಲ ಅಡುಗೆಮನೆಯಲ್ಲಿ ಒಬ್ಬೊಬ್ಬರೇ ಕುಣಿದು ಹೆಜ್ಜೆ ಮರೆಯದಂತೆ ನೋಡಿಕೊಂಡರಂತೆ. 2021ರಲ್ಲಿ ಮತ್ತೆ ಹಾಲ್ ತೆರೆದಾಗ ಮಾಸ್ಕ್ ಹಾಕಿಕೊಂಡು, ಚಳಿಯಲ್ಲೂ ಕಿಟಕಿ ತೆಗೆದಿಟ್ಟು ಶುರು ಮಾಡಿದರು. ಅಷ್ಟರಲ್ಲಿ ಓಮಿಕ್ರಾನ್ ಬಂತು. ವಯಸ್ಸಾದ ಕೆಲವರು ಆಮೇಲೆ ಬರಲೇ ಇಲ್ಲ. ಒಂದು ಸೆಟ್‌ಗೆ ಎಂಟು ಜನ ಸಿಕ್ಕರೆ ಅವತ್ತು ಖುಷಿ.

ಗುಂಪು ಉಳಿದದ್ದು ನಮ್ಮ ಟೀಚರ್‌ರಿಂದ, ಇದನ್ನು ನಾನು ಯಾರ ಮುಂದೆ ಬೇಕಾದರೂ ಹೇಳುತ್ತೇನೆ. ಕಷ್ಟದ ಡ್ಯಾನ್ಸ್‌ಗಳನ್ನು ಬದಿಗಿಟ್ಟು, ಹೊಸಬರಿಗಾಗಿ ಮೊದಲ ಹೆಜ್ಜೆಯಿಂದ ಕಲಿಸಿದರು. ಹಳಬರು ಬೇಜಾರು ಮಾಡಿಕೊಳ್ಳದೆ ಒಬ್ಬೊಬ್ಬ ಹೊಸಬರ ಜೊತೆ ನಿಂತರು. ಗಂಡಸರು ಕಡಿಮೆ ಇದ್ದರೆ ಹೆಂಗಸರೇ ಆ ಸಾಲಿನಲ್ಲಿ ನಿಲ್ಲುತ್ತಾರೆ, ಅದಕ್ಕೆ ಯಾರ ತಕರಾರೂ ಇಲ್ಲ. ನನ್ನಂಥ ಹೊರಗಿನವಳನ್ನು ಸುಮ್ನೆ ಕೈ ಹಿಡಿದು ಸಾಲಿಗೆ ಎಳೆದುಕೊಂಡರು.

2023ರಲ್ಲಿ ಆ ಸೊಸೈಟಿಗೆ ನೂರು ವರ್ಷ ತುಂಬಿತು. 1923ರಲ್ಲಿ ಗ್ಲಾಸ್ಗೋದಲ್ಲಿ ಜೀನ್ ಮಿಲಿಗನ್, ಇಸಬೆಲ್ ಸ್ಟುವರ್ಟ್ ಅಂತ ಇಬ್ಬರು ಹೆಂಗಸರು ಮುಂದೆ ನಿಂತು ಕಟ್ಟಿದ್ದು. ಮೊದಲ ಮಹಾಯುದ್ಧದ ನಂತರ ಹಳೆಯ ಡ್ಯಾನ್ಸ್‌ಗಳು ಮರೆತುಹೋಗುತ್ತಿದ್ದವು, ಇವರು ಹುಡುಕಿ ಬರೆಸಿ ಪುಸ್ತಕ ಮಾಡಿಸಿದರು. 2023ರಲ್ಲೇ ನಮ್ಮ ಹಾಲಿನಲ್ಲೂ ಅಕಾರ್ಡಿಯನ್, ಪಿಟೀಲು ಬಾರಿಸುವವರನ್ನು ಕರೆಸಿದ್ದೆವು. ಎದುರಿಗೇ ನುಡಿಸುವವರಿದ್ದರೆ ಕಾಲು ತಾನಾಗಿ ಏಳುತ್ತದೆ ಅಮ್ಮ, ರೆಕಾರ್ಡ್ ಹಾಕಿದರೆ ಅದು ಬರುವುದಿಲ್ಲ.

ಅವತ್ತು ಮಾಡಿದ್ದರಲ್ಲಿ ನನಗೆ ಜಾಸ್ತಿ ಇಷ್ಟ ಆದದ್ದು 51ನೇ ಡಿವಿಷನ್ ಅನ್ನುವ ಸೇನಾ ದಳದ ಹೆಸರಿನ ರೀಲ್, ಅಂದರೆ ಚುರುಕು ಲಯದ ಡ್ಯಾನ್ಸ್. 1940ರಲ್ಲಿ ಫ್ರಾನ್ಸಿನಲ್ಲಿ ಸೆರೆಸಿಕ್ಕ ಆ ದಳದ ಸ್ಕಾಟಿಷ್ ಸೈನಿಕರು ಜರ್ಮನಿಯ ಲೌಫೆನ್ ಶಿಬಿರದಲ್ಲಿ ಕೂಡಿಸಿದ ಡ್ಯಾನ್ಸ್ ಇದು. ಕುಣಿಯುವವರು ಓರೆಯಾಗಿ ಕೈ ಚಾಚಿ ನಿಂತಾಗ ಸ್ಕಾಟ್ಲೆಂಡ್ ಬಾವುಟದ X ಆಕಾರದ ಶಿಲುಬೆ ಮೂಡುತ್ತದೆ. ಸೆರೆಯಲ್ಲಿದ್ದವರಿಗೇ ಇದು ಬೇಕಾಗಿತ್ತು ಅಂದರೆ ಲಾಕ್‌ಡೌನ್ ಆದಮೇಲೆ ಇವರು ಅಷ್ಟು ಹಟ ಹಿಡಿದದ್ದು ಯಾಕೆ ಅಂತ ಗೊತ್ತಾಗುತ್ತದೆ, ಅಲ್ವಾ?

ಈಗ ಎರಡು ಸೆಟ್ ಆಗುವಷ್ಟು ಜನ ಬರುತ್ತಾರೆ. ಕಾಲೇಜು ಹುಡುಗರು ಇನ್ನೂ ಬರಬೇಕು.

ನಮ್ಮ ಕ್ಲಾಸ್ ಸೆಪ್ಟೆಂಬರಿಂದ ಮೇ ತನಕ ಮಾತ್ರ. ನೀವಿಬ್ಬರೂ ಜೂನ್‌ಗೆ ಬಂದರೆ ಏನೂ ನೋಡಲು ಸಿಗುವುದಿಲ್ಲ. ಏಪ್ರಿಲ್‌ಗೇ ಟಿಕೆಟ್ ಮಾಡಿಸು ಅಂತ ಅಪ್ಪನಿಗೆ ಹೇಳು. ಮೆತ್ತಗಿನ ಶೂ ತನ್ನಿ, ಇಬ್ಬರನ್ನೂ ಸಾಲಿಗೆ ನಿಲ್ಲಿಸುತ್ತೇನೆ.

ನಿನ್ನ,
ಸುಮಾ