ಹಬ್ ಮೋಟಾರ್ ರಿಪೇರಿ ನಮ್ಮೂರಲ್ಲೇ ಆಗಲಿ

ಮಾನ್ಯ ಸಂಪಾದಕರೇ,

ಕಲಬುರಗಿಯಲ್ಲಿ ನನ್ನದು ಮೋಟಾರ್ ವೈಂಡಿಂಗ್ ಅಂಗಡಿ. ಬೋರ್‌ವೆಲ್ ಪಂಪು, ಕೂಲರ್, ಗಿರಣಿ ಮೋಟಾರು ಕಟ್ಟಿಕೊಂಡೇ ಸಂಸಾರ ನಡೆದಿದೆ. ಈಚೆಗೆ ಎಲೆಕ್ಟ್ರಿಕ್ ಸ್ಕೂಟರಿನ ಹಿಂದಿನ ಗಾಲಿ ಬಿಚ್ಚಿ ಹೊತ್ತು ತರುವವರು ಜಾಸ್ತಿ ಆಗಿದ್ದಾರೆ. ಇವುಗಳ ಮೋಟಾರ್ ಗಾಲಿಯ ಒಳಗೇ ಇರುತ್ತದೆ, ಅದಕ್ಕೇ ಹಬ್ ಮೋಟಾರ್ ಅನ್ನುವುದು. ಸೇಡಂ ರಸ್ತೆ ಕಡೆ ಹಾಲು ಹಾಕುವ ಹುಡುಗನೊಬ್ಬ ಬಂದು, "ಕಾಕಾ, ಪೂರಾ ಮೋಟಾರೇ ಬದಲಿ ಮಾಡ್ಬೇಕಂತ್ರಿ. ಅಷ್ಟು ರೊಕ್ಕ ಎಲ್ಲಿಂದ ತರ್ಲಿ?" ಅಂದ. ಬಿಚ್ಚಿ ನೋಡಿದರೆ ವೈಂಡಿಂಗ್, ಅಂದರೆ ತಂತಿ ಸುರುಳಿ, ಹೊಸದರಂತೆ ಹೊಳೆಯುತ್ತಿತ್ತು. ಕೆಟ್ಟಿದ್ದು ಮ್ಯಾಗ್ನೆಟ್ ಗುರುತಿಸುವ ಒಂದು ಪುಟ್ಟ ಭಾಗ, ಹಾಲ್ ಸೆನ್ಸರ್.

ಪಂಪಿನ ಮೋಟಾರಿನಲ್ಲಿ ವೈಂಡಿಂಗ್ ಹೊರಗೆ ನಿಂತಿರುತ್ತದೆ, ಒಳಗಿನ ರೋಟರ್ ತಿರುಗುತ್ತದೆ. ಹಬ್ ಮೋಟಾರಿನಲ್ಲಿ ಇದು ಉಲ್ಟಾ. ವೈಂಡಿಂಗ್ ಆಕ್ಸಲ್‌ಗೆ ಬಿಗಿಯಾಗಿ ಕೂತಿರುತ್ತದೆ. ಒಳಮೈಗೆ ಮ್ಯಾಗ್ನೆಟ್ ಅಂಟಿಸಿದ ಹೊರಚಿಪ್ಪು ಗಾಲಿ ಸಮೇತ ತಿರುಗುತ್ತದೆ. ಬೆಲ್ಟ್, ಚೈನ್ ಏನೂ ಬೇಕಿಲ್ಲ. ಬ್ರಷ್ ಕೂಡ ಇಲ್ಲ. ಹಾಗಾಗಿ ಯಾವ ಸುರುಳಿಗೆ ಯಾವಾಗ ಕರೆಂಟ್ ಕೊಡಬೇಕು ಅನ್ನುವುದನ್ನು ಕಂಟ್ರೋಲರ್ ನೋಡಿಕೊಳ್ಳುತ್ತದೆ. ಮ್ಯಾಗ್ನೆಟ್ ಈಗ ಎಲ್ಲಿದೆ ಅಂತ ಅದಕ್ಕೆ ಹೇಳುವುದೇ 3 ಹಾಲ್ ಸೆನ್ಸರ್‌ಗಳು. ಗಾತ್ರ ಜೋಳದ ಕಾಳಿನಷ್ಟು. ಒಂದು ಕೆಟ್ಟರೂ ಗಾಡಿ ಜರ್ಕ್ ಹೊಡೆಯುತ್ತದೆ, ಇಲ್ಲವೇ ಗುರ್ ಅಂದು ನಿಂತುಬಿಡುತ್ತದೆ.

ಇದನ್ನು ಹಿಡಿಯಲು ದೊಡ್ಡ ಯಂತ್ರ ಬೇಕಿಲ್ಲ. ಗಾಲಿ ಎತ್ತಿ ನಿಲ್ಲಿಸಿ, ಸೆನ್ಸರ್‌ಗೆ ಸಪ್ಲೈ ಇಟ್ಟು, ಕೈಯಿಂದ ಮೆಲ್ಲಗೆ ತಿರುಗಿಸಬೇಕು. ಪ್ರತಿ ಸಿಗ್ನಲ್ ವೈರಿನಲ್ಲೂ ಮೀಟರ್ ಸುಮಾರು 0 ಮತ್ತು 5 ವೋಲ್ಟ್ ನಡುವೆ ಹಾರಬೇಕು. ಹಾರದಿದ್ದರೆ ಆ ಸೆನ್ಸರ್ ಇಲ್ಲವೇ ಅದರ ವೈರಿನಲ್ಲಿ ದೋಷ. ಗಾಲಿ ಬಿಗಿಯಾಗಿದ್ದರೆ ಬ್ಯಾಟರಿ ಬಿಡಿಸಿ, ಮೋಟಾರಿಗೆ ಕರೆಂಟ್ ಒಯ್ಯುವ 3 ದಪ್ಪ ಫೇಸ್ ವೈರುಗಳನ್ನು ಕಂಟ್ರೋಲರ್‌ನಿಂದ ತೆಗೆದು, ಒಂದಕ್ಕೊಂದು ತಾಗದಂತೆ ಇಟ್ಟು ತಿರುಗಿಸಿ. ಹಗುರಾದರೆ ಕಂಟ್ರೋಲರ್ ಹೋಗಿದೆ. ಆಗಲೂ ಬಿಗಿಯಿದ್ದರೆ ವೈಂಡಿಂಗ್ ಶಾರ್ಟ್, ಇಲ್ಲವೇ ಬೇರಿಂಗ್ ಹಿಡಿದಿದೆ. ಆದರೆ ಪುಲ್ಲರ್, ಅಂದರೆ ಎಳೆದು ಬಿಡಿಸುವ ಸಾಧನ, ಇಲ್ಲದೆ ಯಾರೂ ಮೋಟಾರ್ ಬಿಚ್ಚಬೇಡಿ. ಮ್ಯಾಗ್ನೆಟ್ ಎಳೆತಕ್ಕೆ ವೈಂಡಿಂಗ್ ಇರುವ ಸ್ಟೇಟರ್ ಫಟ್ ಅಂತ ವಾಪಸ್ ಕೂರುತ್ತದೆ. ನಡುವೆ ಬೆರಳು ಸಿಕ್ಕರೆ ಜಜ್ಜಿಹೋಗುತ್ತದೆ.

ನಮ್ಮ ಬಿಸಿಲೂ ಈ ಮೋಟಾರಿಗೆ ಕಷ್ಟವೇ. ಮೇ ತಿಂಗಳಲ್ಲಿ 42 ಡಿಗ್ರಿ ದಾಟುವ ಊರು ಇದು. ಬಿಸಿಯಾಗುವ ವೈಂಡಿಂಗ್ ಮುಚ್ಚಿದ ಗಾಲಿಯ ಒಳಗಿದೆ, ಸುತ್ತ ಗಾಳಿ ಆಡುವುದಿಲ್ಲ. ಮೂರು ಜನ ಕೂತು, ಮೂಟೆ ಹೇರಿ ಏರು ಹತ್ತಿಸಿದರೆ ವೈಂಡಿಂಗ್ ಮೇಲಿನ ವಾರ್ನಿಶ್ ಸುಡಬಹುದು. ಮಳೆಗಾಲದಲ್ಲಿ ನಿಂತ ನೀರಿಗೆ ಗಾಡಿ ಇಳಿಸಿದರೆ ವೈರ್ ಹೊರಬರುವ ಆಕ್ಸಲ್ ತೂತು, ಹಳೆ ಸೀಲ್ ಮೂಲಕ ನೀರು ಒಳಗೆ ಹೋಗಬಹುದು. ಸರ್ವಿಸಿಂಗ್‌ನವರು ಪ್ರೆಶರ್ ಪೈಪನ್ನು ಅಲ್ಲಿಗೇ ಹಿಡಿಯುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ.

ಆ ಹುಡುಗನ ಸೆನ್ಸರ್ ಇಲ್ಲಿ ಸಿಗಲಿಲ್ಲ, ಹೈದರಾಬಾದಿನಿಂದ ತರಿಸಿದೆ. ಬೆಲೆ ನೂರು ರೂಪಾಯಿ ಒಳಗೆ! ಅಲ್ಲಿವರೆಗೆ ಅವನು ಬಾಡಿಗೆ ಗಾಡಿಯಲ್ಲಿ ಹಾಲು ಹಾಕಿದ. ಸ್ಕೂಟರ್ ಮಾರುವ ಕಂಪನಿಗಳು ಸೆನ್ಸರ್, ಸೀಲ್, ಬೇರಿಂಗ್ ಬಿಡಿಯಾಗಿ ಇಲ್ಲೇ ಮಾರಬೇಕು, ವೈರಿಂಗ್ ನಕ್ಷೆಯನ್ನೂ ಕೊಡಬೇಕು. ಗ್ಯಾರಂಟಿ ಮುಗಿದ ಗಾಡಿಗಾದರೂ ಇಷ್ಟು ಮಾಡಬಹುದಲ್ವಾ? ನಮ್ಮ ಐಟಿಐನವರು ವೈಂಡಿಂಗ್, ಪಂಕ್ಚರ್ ಅಂಗಡಿಯವರಿಗೆ ಸಂಜೆ ಹೊತ್ತು ಸಣ್ಣ ತರಬೇತಿ ಇಡಲಿ. ತೋರಿಸಿಕೊಡಲು ಹಳೆ ಮೋಟಾರು, ಪುಲ್ಲರ್ ನಾನೇ ತರುತ್ತೇನೆ.

— ಮೋಟಾರ್ ವೈಂಡಿಂಗ್ ಕೆಲಸಗಾರ, ಕಲಬುರಗಿ