ಅಮ್ಮನಿಗೆ, ಸೀನನ ಬ್ಯಾಡ್ಜುಗಳ ವಿಷಯ

ನ್ಯೂಜೆರ್ಸಿ
ಭಾನುವಾರ ರಾತ್ರಿ

ಪ್ರೀತಿಯ ಅಮ್ಮನಿಗೆ,

ನಮಸ್ಕಾರಗಳು. ಉಭಯ ಕುಶಲೋಪರಿ. ಇವರು, ಚಿನ್ನು, ನಾನು ಎಲ್ಲರೂ ಚೆನ್ನಾಗಿದ್ದೇವೆ. ಚಳಿ ಶುರುವಾಗಿದೆ. ಸ್ವೆಟರ್ ಹಾಕಿಕೊಳ್ಳುತ್ತಿದ್ದೇನೆ, ಅದನ್ನು ಮತ್ತೆ ಕೇಳಬೇಡ.

ನಿನ್ನ ಕಾಗದ ಬಂತು. ಮೊದಲ ಪುಟ ಪೂರ್ತಿ ಶಾರದಕ್ಕನ ಮಗಳ ಸೀಮಂತ. ನಿಜವಾದ ವಿಷಯ ಇದ್ದದ್ದು ಕೊನೆಯ ನಾಲ್ಕು ಸಾಲಿನಲ್ಲಿ. ಸೀನ ಯಾರಿಂದಲೋ ಅಮೆರಿಕದ ಹಳೇ ಚುನಾವಣೆ ಬ್ಯಾಡ್ಜುಗಳ ಪೆಟ್ಟಿಗೆ ಕೊಳ್ಳುತ್ತಾನಂತೆ, ಒಂದೂವರೆ ಲಕ್ಷವಂತೆ, ಅದಕ್ಕಾಗಿ ಅಪ್ಪ ಮಂಡಿ ಆಪರೇಷನ್ನನ್ನೇ ಸಂಕ್ರಾಂತಿ ಆಚೆಗೆ ತಳ್ಳಿದ್ದಾರಂತೆ! ಫೋನಿನಲ್ಲೇ ಮಾತಾಡಬಹುದಿತ್ತು. ಆದರೆ ನೀವು ಸ್ಪೀಕರ್ ಹಾಕುತ್ತೀರಿ, ಸೀನ ಪಕ್ಕದಲ್ಲೇ ಕೂತು "ಅಕ್ಕಾ, ನಿಂಗೆ ವ್ಯಾಪಾರ ಗೊತ್ತಾಗಲ್ಲ" ಅಂತಾನೆ, ಅಪ್ಪ "ಹೋಗ್ಲಿ ಬಿಡಮ್ಮ" ಅಂತಾರೆ, ಅಲ್ಲಿಗೆ ಮುಗೀತು. ಅದಕ್ಕೇ ಬರೆಯುತ್ತಿದ್ದೇನೆ. ಇದನ್ನು ಅಪ್ಪನ ಕೈಲಿ ಗಟ್ಟಿಯಾಗಿ ಓದಿಸು. ಸೀನನೂ ಕೇಳಿಸಿಕೊಳ್ಳಲಿ.

ದುಡ್ಡು ಕೊಡಬೇಡಿ. ಅಡ್ವಾನ್ಸ್ ಅಂತ ಒಂದು ರೂಪಾಯಿಯೂ ಬೇಡ.

ಸೀನ ನನಗೂ ಫೋಟೋ ಕಳಿಸಿದ್ದ. ಕೆಂಪು ವೆಲ್ವೆಟ್ ಹಾಸಿದ ಪೆಟ್ಟಿಗೆ, ಒಳಗೆ ಸಾಲಾಗಿ ಜೋಡಿಸಿದ ಬ್ಯಾಡ್ಜುಗಳು. ನೂರಿಪ್ಪತ್ತು ವರ್ಷ ಹಳೆಯವು, ಅಮೆರಿಕದಲ್ಲಿ ಮಾರಿದರೆ ಹತ್ತು ಪಟ್ಟು ಸಿಗುತ್ತದೆ ಅಂತ ಮಾರುವವನು ಹೇಳಿದನಂತೆ. ಹಾಗಿದ್ದರೆ ಅವನೇ ಯಾಕೆ ಮಾರಿಕೊಳ್ಳಲಿಲ್ಲ ಅಂತ ನೀನು ಕಾಗದದಲ್ಲಿ ಕೇಳಿದ್ದೀಯ. ಅದಕ್ಕಿಂತ ಒಳ್ಳೆಯ ಪ್ರಶ್ನೆ ನನಗೂ ಹೊಳೆಯಲಿಲ್ಲ.

ಸೀನನ ತಲೆ ಕೆಡಿಸಿದ್ದು ನಾನೇ ಅಂತ ಶಾರದಕ್ಕ ಹೇಳುತ್ತಿದ್ದಾರಂತಲ್ಲ? ಇರಲಿ. ನನ್ನ ಹತ್ತಿರ ಇರುವ ಬ್ಯಾಡ್ಜುಗಳು ಒಂದು ಬಿಸ್ಕತ್ತಿನ ಡಬ್ಬಿಯಷ್ಟು. ಒಂದೊಂದಕ್ಕೂ ನಾನು ಕೊಟ್ಟದ್ದು ಹೋಟೆಲಿನಲ್ಲಿ ಒಂದು ಹೊತ್ತು ಕಾಫಿ ತಿಂಡಿ ಮಾಡುವಷ್ಟು ದುಡ್ಡು. ಇಲ್ಲಿನ ಹೆಂಗಸರು ನೇಲ್ ಪಾಲಿಶಿಗೆ ಅದಕ್ಕಿಂತ ಜಾಸ್ತಿ ಖರ್ಚು ಮಾಡುತ್ತಾರೆ. ನನ್ನದು ಓದಿ ತಿಳಿದುಕೊಳ್ಳುವ ಹುಚ್ಚು, ಲಾಭದ ಲೆಕ್ಕ ಅದರಲ್ಲಿ ಯಾವತ್ತೂ ಇಲ್ಲ. ಇದನ್ನು ಶಾರದಕ್ಕನಿಗೂ ಹೇಳು.

ನೀವು ಬಂದಾಗ ವಿಮಾನ ಇಳಿದಿರಲ್ಲ, ನ್ಯೂವರ್ಕ್, ಈ ಬ್ಯಾಡ್ಜು ಬೆಳೆದದ್ದು ಅದೇ ಊರಿನಲ್ಲಿ. ಅಲ್ಲಿ 1892ರಲ್ಲಿ ವೈಟ್‌ಹೆಡ್ ಮತ್ತು ಹೋಗ್ ಅಂತ ಇಬ್ಬರು ಸೇರಿ ಕಂಪನಿ ತೆಗೆದರು. ಅದೇ ಸುಮಾರಿಗೆ ಬಾಸ್ಟನ್ನಿನ ಅಮಾಂಡಾ ಲೂಜಿ ಎಂಬ ಹೆಂಗಸು ಸೆಲ್ಯುಲಾಯ್ಡ್, ಅಂದರೆ ಆ ಕಾಲದ ಒಂದು ಥರದ ಪ್ಲಾಸ್ಟಿಕ್, ಹೊದಿಸಿದ ಬಟ್ಟೆಯ ಗುಂಡಿಗೆ ಪೇಟೆಂಟ್ ಪಡೆದಳು. ಆ ಹಕ್ಕನ್ನು ಇವರು ಕೊಂಡುಕೊಂಡರು. ಆಮೇಲೆ ಹಿಂದೆ ತಂತಿಯ ಪಿನ್ನು ಸೇರಿಸಿ 1896ರಲ್ಲಿ ತಮ್ಮದೇ ಪೇಟೆಂಟ್ ಮಾಡಿಸಿದರು. ಆ ಹೆಂಗಸಿನ ಹೆಸರು ಈಗ ಸಂಗ್ರಹ ಮಾಡುವವರಿಗೆ ಬಿಟ್ಟರೆ ಯಾರಿಗೂ ಗೊತ್ತಿಲ್ಲ, ನೋಡು.

ಅದೇ ವರ್ಷ ಇಲ್ಲಿ ಅಧ್ಯಕ್ಷರ ಚುನಾವಣೆ. ಒಂದು ಕಡೆ ಮೆಕಿನ್ಲಿ, ಇನ್ನೊಂದು ಕಡೆ ಬ್ರಯಾನ್. ಜಗಳ ಯಾವುದಕ್ಕೆ ಅಂತೀಯ? ಚಿನ್ನ ಬೆಳ್ಳಿಗೆ! ನಾಣ್ಯಕ್ಕೆ ಚಿನ್ನ ಒಂದೇ ಆಧಾರ ಇರಲಿ ಅಂತ ಮೆಕಿನ್ಲಿ ಕಡೆಯವರು. ಬೆಳ್ಳಿಯೂ ಬೇಕು, ಹದಿನಾರು ತೂಕ ಬೆಳ್ಳಿಗೆ ಒಂದು ತೂಕ ಚಿನ್ನ ಅಂತ ಬ್ರಯಾನ್ ಕಡೆಯವರು. ಇವರ ಬ್ಯಾಡ್ಜಿನ ಮೇಲೆ "16ಕ್ಕೆ 1" ಅಂತ ಇರುತ್ತಿತ್ತು. ಮೆಕಿನ್ಲಿ ಕಡೆಯವರು ಕೋಟಿನ ಮೇಲೆ ಚಿನ್ನದ ಬಣ್ಣದ ಜೀರುಂಡೆ ಪಿನ್ನು ಸಿಕ್ಕಿಸಿಕೊಂಡು ಓಡಾಡುತ್ತಿದ್ದರು. ಗೆದ್ದದ್ದು ಚಿನ್ನ. ನೀನಾಗಿದ್ದರೂ ಅದಕ್ಕೇ ಓಟು ಹಾಕುತ್ತಿದ್ದೆ.

ಅದಕ್ಕೆ ಮುಂಚೆ ಇಂಥದ್ದು ಇರಲಿಲ್ಲ ಅಂತಲ್ಲ. ವಾಷಿಂಗ್ಟನ್ 1789ರಲ್ಲಿ ಅಧ್ಯಕ್ಷರಾದಾಗ ಜನ ಹಿತ್ತಾಳೆ ಗುಂಡಿಗಳನ್ನು ಕೋಟಿಗೆ ಹೊಲಿಸಿಕೊಂಡಿದ್ದರು. 1860ರಲ್ಲಿ ಲಿಂಕನ್ ಮುಖದ ಪುಟ್ಟ ತಗಡಿನ ಫೋಟೋಗಳಿದ್ದವು. ಆದರೆ ಬಣ್ಣಬಣ್ಣವಾಗಿ, ಅಗ್ಗವಾಗಿ, ರಾಶಿ ರಾಶಿ ಹಂಚಿದ್ದು 1896ರಲ್ಲೇ. ಆಮೇಲೆ ಸಿಗರೇಟು ಕಂಪನಿಗಳೂ ಹಿಡಿದುಕೊಂಡವು. ಹೈ ಅಡ್ಮಿರಲ್ ಸಿಗರೇಟಿನ ಜೊತೆ ಪತ್ರಿಕೆಯ ಕಾರ್ಟೂನ್ ಹುಡುಗ ಯೆಲ್ಲೋ ಕಿಡ್ ಬ್ಯಾಡ್ಜು ಪುಕ್ಕಟೆ ಸಿಗುತ್ತಿತ್ತು.

ಈಗ ಸೀನ ಸರಿಯಾಗಿ ಕೇಳಿಸಿಕೊಳ್ಳಬೇಕು.

ನನ್ನ ಡಬ್ಬಿಯಲ್ಲಿ ಒಂದು ಮೆಕಿನ್ಲಿ ಇದೆ, ಪಕ್ಕದಲ್ಲಿ ಉಪಾಧ್ಯಕ್ಷ ಹೋಬಾರ್ಟ್, ಅವರು ನಮ್ಮ ನ್ಯೂಜೆರ್ಸಿಯವರೇ. ಬರೆಯುತ್ತಾ ಅದನ್ನೇ ಮುಂದೆ ಇಟ್ಟುಕೊಂಡಿದ್ದೇನೆ. ಹಳೇ ಎಂಟಾಣೆಯಷ್ಟು ಅಗಲ. ಮೊದಲು ಲೋಹದ ಬಿಲ್ಲೆ, ಅದರ ಮೇಲೆ ಅಚ್ಚು ಹಾಕಿದ ಕಾಗದ, ಅದರ ಮೇಲೆ ತೆಳ್ಳನೆಯ ಪಾರದರ್ಶಕ ಸೆಲ್ಯುಲಾಯ್ಡ್ ಹಾಳೆ. ನೀನು ಉಪ್ಪಿನಕಾಯಿ ಜಾಡಿಯ ಬಾಯಿಗೆ ಬಟ್ಟೆ ಕಟ್ಟುತ್ತೀಯಲ್ಲ, ಹಾಗೆ ಹಾಳೆಯನ್ನು ಎಳೆದು ಹಿಂದಕ್ಕೆ ಮಡಚಿ, ಒಳಗಿನಿಂದ ಲೋಹದ ಬಳೆಯೊಂದನ್ನು ಒತ್ತಿ ಕೂರಿಸುತ್ತಾರೆ. ಸ್ಪ್ರಿಂಗಿನಂತೆ ಬಾಗಿದ ತಂತಿ ಆ ಬಳೆಯೊಳಗೆ ಕೂರುತ್ತದೆ. ಬೆನ್ನಿಗೆ ಒಂದು ಚೂರು ಕಾಗದ, ಅದರಲ್ಲಿ ಇರುವೆ ಗಾತ್ರದ ಅಕ್ಷರದಲ್ಲಿ ಕಂಪನಿಯ ಹೆಸರು, ನ್ಯೂವರ್ಕ್, ಪೇಟೆಂಟಿನ ತಾರೀಖು, 1896ರ ಜುಲೈ 21. ಓರೆಯಾಗಿ ಬೆಳಕಿಗೆ ಹಿಡಿದರೆ ಮುಖದ ಮೇಲೆ ಸೆಲ್ಯುಲಾಯ್ಡ್ ಪದರ ಬೇರೆಯಾಗಿ ಕಾಣುತ್ತದೆ. ಅಂಚಿನ ಹತ್ತಿರ ಕಂದು ಮಚ್ಚೆ ಇದೆ. ಹಾಳೆಯೊಳಗೆ ತೇವ ಸೇರಿ ಲೋಹ ತುಕ್ಕು ಹಿಡಿದರೆ ಹಾಗಾಗುತ್ತದೆ.

ಸೀನ ಕಳಿಸಿದ ಫೋಟೋದಲ್ಲಿ ಇರುವ ಮೆಕಿನ್ಲಿಗೆ ಕಾಗದವೂ ಇಲ್ಲ, ಹಾಳೆಯೂ ಇಲ್ಲ. ನೇರ ತಗಡಿನ ಮೇಲೇ ಬಣ್ಣ. ತಗಡಿಗೆ ಅಚ್ಚು ಹಾಕಿ ಬ್ಯಾಡ್ಜು ಒತ್ತುವ ಪದ್ಧತಿ ಚುನಾವಣೆಗೆ ಬಂದದ್ದು 1896 ಆಗಿ ಸುಮಾರು ಇಪ್ಪತ್ತು ವರ್ಷದ ಮೇಲೆ. ಅಷ್ಟರಲ್ಲಿ ಮೆಕಿನ್ಲಿ ತೀರಿಹೋಗಿ ಎಷ್ಟೋ ಕಾಲವಾಗಿತ್ತು, 1901ರಲ್ಲೇ ಗುಂಡು ಹೊಡೆದು ಕೊಂದರು. ಕಂದು ಮಚ್ಚೆಯೂ ಇದೆ, ಆದರೆ ಅದನ್ನೂ ಬಣ್ಣದಲ್ಲೇ ಅಚ್ಚು ಹಾಕಿದ್ದಾರೆ! ಮೂರು ಬ್ಯಾಡ್ಜಿನಲ್ಲಿ ಮಚ್ಚೆ ಒಂದೇ ಥರ.

ಇನ್ನೊಂದು ಫೋಟೋ ಸ್ವಲ್ಪ ಓರೆಯಾಗಿ ತೆಗೆದಿದ್ದಾನೆ. ದೊಡ್ಡದು ಮಾಡಿ ನೋಡಿದೆ. ಅಂಚು ಹಿಂದಕ್ಕೆ ಮಡಚುವ ಜಾಗದಲ್ಲಿ "72" ಅಂತ ಕಾಣುತ್ತದೆ. 1972ರ ಚುನಾವಣೆ ಸಮಯದಲ್ಲಿ ಇಲ್ಲಿನ ಒಂದು ಪೆಟ್ರೋಲ್ ಕಂಪನಿ ಹಳೇ ಬ್ಯಾಡ್ಜುಗಳ ನಕಲು ಮಾಡಿಸಿ ಜಾಹೀರಾತಿಗೆ ಹಂಚಿತ್ತು. ಆಗ ಅದರಲ್ಲಿ ಮೋಸ ಏನೂ ಇರಲಿಲ್ಲ, ನಕಲು ಅಂತ ಹೇಳಿಯೇ ಕೊಟ್ಟದ್ದು. ಆಮೇಲೆ ಕೈ ಬದಲಾದಂತೆ ಜನ ಅಂಚನ್ನು ಕೆರೆದು ಅಸಲಿ ಅಂತ ಮಾರಲು ಶುರು ಮಾಡಿದರು. 1973ರಲ್ಲಿ ಸರ್ಕಾರವೇ ಕಾನೂನು ತಂದಿತು. ರಾಜಕೀಯದ ಹಳೇ ವಸ್ತುವಿನ ನಕಲು ಮಾಡಿದರೆ ತಯಾರಿಸಿದ ಇಸವಿಯನ್ನು ಅದರ ಮೇಲೆ ಅಳಿಸಲಾಗದಂತೆ ಹಾಕಲೇಬೇಕು. ಅಂಚಿನ ಫೋಟೋ, ಬೆನ್ನಿನ ಫೋಟೋ ಕಳಿಸು ಅಂತ ಸೀನನಿಗೆ ಹೇಳಿದೆ. ಮಾರುವವನು ವೆಲ್ವೆಟ್ಟಿನಿಂದ ಕೀಳಬೇಡಿ, ಬೆಲೆ ಕಡಿಮೆಯಾಗುತ್ತದೆ ಅಂದನಂತೆ. ಕೊಳ್ಳುವವನಿಗೆ ಬೆನ್ನು ತೋರಿಸದ ಬ್ಯಾಡ್ಜು ಎಂಥದ್ದು?

ಸೀನನ ಕಣ್ಣೆಲ್ಲ ಇರುವುದು ಕಾಕ್ಸ್ ರೂಸ್‌ವೆಲ್ಟ್ ಬ್ಯಾಡ್ಜಿನ ಮೇಲೆ. ಅದರ ಬೆಲೆ ವಿಷಯದಲ್ಲಿ ಅವನು ಸುಳ್ಳು ಹೇಳುತ್ತಿಲ್ಲ, ಅಸಲಿ ಆದರೆ ಹರಾಜಿನಲ್ಲಿ ಹತ್ತಾರು ಸಾವಿರ ಡಾಲರಿಗೆ ಹೋಗುತ್ತದೆ. 1920ರಲ್ಲಿ ಜೇಮ್ಸ್ ಕಾಕ್ಸ್ ಅಧ್ಯಕ್ಷ ಸ್ಥಾನಕ್ಕೆ, ಅವರ ಕೆಳಗೆ ಉಪಾಧ್ಯಕ್ಷ ಸ್ಥಾನಕ್ಕೆ ಫ್ರಾಂಕ್ಲಿನ್ ರೂಸ್‌ವೆಲ್ಟ್ ನಿಂತಿದ್ದರು. ಹಾರ್ಡಿಂಗ್ ಎದುರು ಹೀನಾಯವಾಗಿ ಸೋತರು. ಇಬ್ಬರ ಮುಖವೂ ಇರುವ ಬ್ಯಾಡ್ಜು ಮಾಡಿಸಿದ್ದೇ ಕಡಿಮೆ, ಸೋತವರದ್ದನ್ನು ಜೋಪಾನ ಮಾಡುವವರು ಯಾರು? ಆಮೇಲೆ ಅದೇ ರೂಸ್‌ವೆಲ್ಟ್ ನಾಲ್ಕು ಸಲ ಅಧ್ಯಕ್ಷರಾಗಿ ಗೆದ್ದರು, ಬ್ಯಾಡ್ಜಿಗೆ ಚಿನ್ನದ ಬೆಲೆ ಬಂತು. ಇಲ್ಲಿ ಹುಟ್ಟಿ ಬೆಳೆದು ಜೀವನಪೂರ್ತಿ ಹುಡುಕಿದವರಿಗೂ ಅದು ಸಿಕ್ಕಿಲ್ಲ. ಸೀನನ ಪೆಟ್ಟಿಗೆಯಲ್ಲಿ ಎರಡಿವೆ.

ಇಲ್ಲಿನ ಬ್ಯಾಡ್ಜು ಮೇಳಗಳನ್ನು ನೀನು ನೋಡಬೇಕಿತ್ತು. ಚರ್ಚಿನ ಹಾಲಿನಲ್ಲಿ ಉದ್ದಕ್ಕೂ ಮೇಜು, ವಯಸ್ಸಾದ ಗಂಡಸರು ಭೂತಗನ್ನಡಿ ಹಿಡಿದು ಕೂತಿರುತ್ತಾರೆ. ಟೋಪಿ, ಜುಬ್ಬದಂಥ ಜಾಕೆಟ್ಟು, ಎಲ್ಲದರ ತುಂಬ ಬ್ಯಾಡ್ಜು, ನಡೆದರೆ ಗಲಗಲ ಸದ್ದು. ಟಿವಿಯಲ್ಲಿ ಕಚ್ಚಾಡುವ ಎರಡೂ ಪಕ್ಷದವರು ಇಲ್ಲಿ ಒಂದೇ ಮೇಜಿಗೆ ಕೂತು ಕಾಫಿ ಕುಡಿಯುತ್ತಾರೆ. ಇವರಿಗೆ ಒಂದು ಸಂಘವೂ ಇದೆ, 1945ರಿಂದ. ಸೀನನ ಫೋಟೋವನ್ನು ಅಲ್ಲೊಬ್ಬ ತಾತನಿಗೆ ತೋರಿಸಿದೆ. ಕನ್ನಡಕ ಮೇಲೆತ್ತಿ ನೋಡಿ, ಪೆಟ್ಟಿಗೆ ಚೆನ್ನಾಗಿದೆ ಅಂದರು. ಅಷ್ಟೇ.

ನಗುಮುಖದ ಹಳದಿ ಬ್ಯಾಡ್ಜು ಚಿನ್ನುಗೆ ಇಷ್ಟ. ಅದನ್ನು 1963ರಲ್ಲಿ ಹಾರ್ವಿ ಬಾಲ್ ಎಂಬ ಕಲಾವಿದ ಒಂದು ಇನ್ಶೂರೆನ್ಸ್ ಕಂಪನಿಗೆ ಬರೆದುಕೊಟ್ಟದ್ದು. ಸಿಕ್ಕಿದ್ದು 45 ಡಾಲರ್. ಹಕ್ಕು ಮಾಡಿಸಿಕೊಳ್ಳಲೇ ಇಲ್ಲ ಪಾಪ. ಬ್ಯಾಡ್ಜಿನಿಂದ ಯಾರು ಶ್ರೀಮಂತರಾಗುತ್ತಾರೆ ಅಂತ ಸೀನನಿಗೆ ಇದನ್ನೂ ಹೇಳು.

ಮತ್ತೆ, ಹುಣಸೆಹಣ್ಣು ಹಚ್ಚಿ ಉಜ್ಜಿದರೆ ಹೊಳೆಯುತ್ತದೆ ಅಂತ ಬರೆದಿದ್ದೀಯ. ದಯವಿಟ್ಟು ಬೇಡ, ಒಂದು ಹನಿ ನೀರು ಒಳಗೆ ಹೋದರೂ ಕಾಗದ ಹಾಳು. ಸೆಲ್ಯುಲಾಯ್ಡಿಗೆ ಕರ್ಪೂರ ಸೇರಿಸಿರುತ್ತಾರೆ, ಬೆಂಕಿಗೂ ಬೇಗ ಹತ್ತಿಕೊಳ್ಳುತ್ತದೆ. ನಾನು ಕೊಟ್ಟುಬಂದ ಆ ಒಂದನ್ನು ದೇವರ ಮನೆಯಿಂದ ತೆಗೆದು ಬೀರುವಿನಲ್ಲಿಡು.

ಇನ್ನು ಅಪ್ಪನ ಮಂಡಿ. ಸಂಕ್ರಾಂತಿವರೆಗೆ ಕಾಯುವ ಮಾತೇ ಇಲ್ಲ. ಮೆಟ್ಟಿಲು ಇಳಿಯುವಾಗ ಗೋಡೆ ಹಿಡಿದುಕೊಳ್ಳುತ್ತಾರೆ ಅಂತ ನೀನೇ ಬರೆದಿದ್ದೀಯ. ರಾತ್ರಿ ನಿದ್ದೆ ಬರಲ್ಲ ಅಂತಲೂ ಬರೆದಿದ್ದೀಯ. ಡಾಕ್ಟರು ಕೊಟ್ಟ ತಾರೀಖಿಗೇ ಆಗಲಿ. ಆ ಒಂದೂವರೆ ಲಕ್ಷ ಮುಟ್ಟಬೇಡಿ, ಮೇಲೆ ಬೇಕಾದದ್ದು ನಾನು ಹಾಕುತ್ತೇನೆ. ಇವರಿಗೂ ಹೇಳಿದ್ದೇನೆ, ಇವರೇ ಮೊದಲು ಹೂಂ ಅಂದದ್ದು. ನಮಗೆ ಏನೂ ತೊಂದರೆ ಇಲ್ಲ ಅಮ್ಮ. ಇವರ ಕೆಲಸ ಗಟ್ಟಿ, ನನ್ನದೂ ಗಟ್ಟಿ, ಸಾಲ ಇಲ್ಲ, ಕಾರಿನದ್ದು ಬಿಟ್ಟರೆ. ಅದೂ ಮುಗಿಯುತ್ತಾ ಬಂತು. ಸುಮ್ನೆ ಯೋಚನೆ ಮಾಡಬೇಡ. ನಿಜವಾಗಿ ಏನೂ ತೊಂದರೆ ಇಲ್ಲ.

ಸೀನನ ಮೇಲೆ ಕೋಪವೂ ಇಲ್ಲ. ಅಂಗಡಿ ನಡೆಯುತ್ತಿಲ್ಲ, ಏನಾದರೂ ಮಾಡಬೇಕು ಅಂತ ಒದ್ದಾಡುತ್ತಿದ್ದಾನೆ, ನನಗೆ ಗೊತ್ತಾಗುತ್ತದೆ. ಅವನಿಗೆ ಏನು ಬೇಕೋ ನೇರ ನನ್ನ ಹತ್ತಿರ ಕೇಳಲಿ, ಅಪ್ಪನ ಕಾಲಿನ ದುಡ್ಡಿಗೆ ಕೈ ಹಾಕುವುದು ಬೇಡ. ಅವನನ್ನು ಬೈಯಬೇಡ. ಶಾರದಕ್ಕನ ಎದುರಿಗಂತೂ ಬೇಡವೇ ಬೇಡ.

ಗಂಟೆ ಹನ್ನೊಂದಾಯಿತು, ಬೆಳಿಗ್ಗೆ ಚಿನ್ನು ಸ್ಕೂಲ್ ಬಸ್ಸು ಏಳಕ್ಕೇ. ಊರಿಗೆ ಹೊರಟಿರುವ ಇವರ ಸ್ನೇಹಿತರ ಕೈಗೆ ನಾಳೆಯೇ ಇದನ್ನು ಕೊಡಬೇಕು, ಜೊತೆಗೆ ಅಪ್ಪನಿಗೆ ಮಂಡಿ ಪಟ್ಟಿ ಕಳಿಸುತ್ತಿದ್ದೇನೆ, ಎಡಗಾಲಿನದ್ದು. ದುಡ್ಡು ಬ್ಯಾಂಕಿಗೆ ಬಂದ ಮೆಸೇಜ್ ನೋಡಿದ ಕೂಡಲೇ ಫೋನ್ ಮಾಡು, ಸ್ಪೀಕರ್ ಹಾಕಬೇಡ. ಎಲ್ಲರಿಗೂ ಕೇಳಿದೆ ಅಂತ ಹೇಳು.

ಇಂತಿ ನಿನ್ನ ಮಗಳು,
ವಸು